ಅಕ್ಕಿ ವೈನಿನಲ್ಲಿ ಸೀಸ ಸಿಕ್ಕಿದ್ದು

ನಮ್ಮ ಎದುರು ಫ್ಲ್ಯಾಟಿನ ಅಂಕಲ್ ಜೊತೆ ಊಟಕ್ಕೆ ಕೂತು ನೆಮ್ಮದಿಯಿಂದ ಎದ್ದವರು ಇಡೀ ಕೊಡಿಯಾಲ್‌ಬೈಲಿನಲ್ಲಿ ಯಾರೂ ಇಲ್ಲ! ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ನಿಮ್ಮ ತಟ್ಟೆಯಲ್ಲಿ ನಿಮಗೆ ಅನ್ನ, ಸಾರು, ಮೀನು ಕಂಡರೆ ಅವರಿಗೆ ಕಾಣುವುದು ಆರ್ಸೆನಿಕ್, ಸೀಸ, ಪಾದರಸ. ಹೀಗಾದರೆ ತುತ್ತು ಇಳಿಯುವುದಾದರೂ ಹೇಗೆ?

ಒಮ್ಮೆ ಅವರೊಂದಿಗೆ ಮೀನು ಮಾರುಕಟ್ಟೆಗೆ ಹೋಗಿದ್ದೆ. ಎಲ್ಲರೂ ಕಿವಿರು ಎತ್ತಿ ನೋಡಿದರೆ ಇವರು ಅಂಜಲ್ ಮೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದರಲ್ಲಿ ಪಾದರಸ ಉಂಟಾ?" ಎಂದು ಕೇಳಿದರು.

ಮೀನಿನ ಹೆಂಗಸು ಒಂದು ಕ್ಷಣ ಯೋಚಿಸಿ, "ಅದೆಲ್ಲ ಇಲ್ಲ ಧಣಿ, ಮೊಟ್ಟೆ ಉಂಟು. ಬೇಕಾ?" ಎಂದಳು.

ನನ್ನ ತಂಗಿಯ ಮದುವೆಯಲ್ಲಂತೂ ಪಾಯಸದ ಹಿತ್ತಾಳೆ ಹಂಡೆಯೊಳಗೆ ಟಾರ್ಚ್ ಬಿಟ್ಟು, ಕಲಾಯಿ ಸವೆದಿದೆಯೇ ಎಂದು ಇಂಚಿಂಚೂ ಪರೀಕ್ಷಿಸಿದರು. ಕೊನೆಗೆ ಸಮಾಧಾನವಾಗಿ ಎಲೆಯ ಮುಂದೆ ಕೂತು, "ಕಲಾಯಿ ಸರಿ ಉಂಟು, ಬಡಿಸಿ" ಎಂದರು. ಅಡುಗೆಯವರು ಕೈಮುಗಿದರು. "ಈಗ ಕಲಾಯಿ ಮಾತ್ರ ಉಂಟು ಸರ್. ಪಾಯಸ ಖಾಲಿ!"

ಇಂಥವರ ಮನೆಯಲ್ಲೇ ಅಕ್ಕಿ ವೈನ್! ಆಂಟಿ ಅಕ್ಕಿ, ಸಕ್ಕರೆ, ಒಣದ್ರಾಕ್ಷಿ, ಯೀಸ್ಟ್ ಹಾಕಿ ಹುದುಗಿಸುವ ಆ ವೈನಿಗೆ ಕ್ರಿಸ್‌ಮಸ್ಸಿನಲ್ಲಿ ಇಡೀ ಅಪಾರ್ಟ್‌ಮೆಂಟೇ ಬಾಯಿಬಿಟ್ಟುಕೊಂಡು ಕಾಯುತ್ತಿತ್ತು. ಆಂಟಿಗೋ ಅದು ಹನ್ನೆರಡು ತಿಂಗಳೂ ಬೇಕು. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಸಣ್ಣ ಗ್ಲಾಸ್, ತಪ್ಪಿಸುವಂತಿಲ್ಲ.

ಹೋದ ವರ್ಷ ಅಂಕಲ್ ದೃಷ್ಟಿ ಆ ಗ್ಲಾಸಿನ ಮೇಲೆ ಬಿತ್ತು.

"ಇದರಲ್ಲಿ ಸೀಸ ಉಂಟೋ ಎಂತದೋ."

"ಇಷ್ಟು ವರ್ಷದಿಂದ ಕುಡಿತಾ ಇದ್ದೇನೆ. ಸತ್ತಿದ್ದೇನಾ?"

"ಸೀಸಕ್ಕೆ ಅವಸರ ಇಲ್ಲ."

ಮರುದಿನವೇ ಒಂದು ಬಾಟಲಿ ವೈನ್ ಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಹೊರಟರು. ಇನ್ನೂ ಹುದುಗುತ್ತಿದ್ದ ವೈನ್ ಸುಮ್ಮನಿರುತ್ತದೆಯೇ? ಕೊಟ್ಟಾರ ದಾಟುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಹಾರಿ, ಸಿಟಿ ಬಸ್ಸಿನ ತುಂಬ ಘಮಘಮ!

ಕಂಡಕ್ಟರ್ ಹತ್ತಿರ ಬಂದು, "ಎಂತ ಸರ್, ಬೆಳಿಗ್ಗೆ ಬೆಳಿಗ್ಗೆಯೇ?" ಎಂದ.

"ಇದು ಸ್ಯಾಂಪಲ್ ಮಾರಾಯ!"

"ಶುರುವಿಗೆ ಎಲ್ಲರದ್ದೂ ಸ್ಯಾಂಪಲ್ಲೇ ಸರ್."

ವಾರದ ನಂತರ ಅಂಕಲ್ ನಮ್ಮ ಬೆಲ್ ಒತ್ತಿ ಹಿಡಿದುಕೊಂಡರು. ಕೈಯಲ್ಲಿ ರಿಪೋರ್ಟು, ಮುಖದಲ್ಲಿ ಲಾಟರಿ ಹೊಡೆದವನ ಕಳೆ. "ಸೀಸ ಉಂಟು! ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಉಂಟು!" ಕ್ರಿಸ್‌ಮಸ್ಸಿಗೆ ಮೂರು ಗ್ಲಾಸ್ ಏರಿಸಿದ್ದ ನಾನು ಬಾಗಿಲಿಗೆ ಒರಗಿಕೊಂಡೆ.

ಆಮೇಲೆ ತನಿಖೆ ಶುರುವಾಯಿತು. ಅಕ್ಕಿ ಲ್ಯಾಬಿಗೆ ಹೋಯಿತು, ನೀರು ಹೋಯಿತು, ಸಕ್ಕರೆ ಹೋಯಿತು, ಪಾಪದ ಒಣದ್ರಾಕ್ಷಿಯೂ ಹೋಗಿ ಬಂತು. ಎಲ್ಲರೂ ನಿರಪರಾಧಿಗಳು! ಸೋಫಾದಲ್ಲಿ ಕೂತಿದ್ದ ಆಂಟಿ ಮೆಲ್ಲಗೆ, "ಪಾತ್ರೆ ನೋಡಿದ್ದೀರಾ?" ಎಂದರು.

ಅದು ಕೆಳಗೆ ನಲ್ಲಿ ಇದ್ದ ದೊಡ್ಡ ಸ್ಟೀಲ್ ಪಾತ್ರೆ. ನಾನೂ ಅಂಕಲೂ ಸೇರಿ ಅದನ್ನು ಮಗುಚಿ ಟಾರ್ಚ್ ಬಿಟ್ಟೆವು. ಒಳಗೆ ನಲ್ಲಿಯ ಸುತ್ತ ಹಾಕಿದ್ದ ಬೆಸುಗೆಯನ್ನು ಹುಳಿ ವೈನ್ ಕೊರೆದು ಕೊರೆದು ಅರ್ಧಕ್ಕರ್ಧ ತಿಂದಿತ್ತು. ರೇಡಿಯೋ ರಿಪೇರಿಯ ಹಳೇ ಬೆಸುಗೆ ತಂತಿ. ಅದರಲ್ಲಿ ಸೀಸವಿರುವುದು ಹೈಸ್ಕೂಲು ಮಕ್ಕಳಿಗೂ ಗೊತ್ತು.

"ಯಾವ ಪುಣ್ಯಾತ್ಮ ಅಂಕಲ್ ಈ ಬೆಸುಗೆ ಹಾಕಿದ್ದು?" ನಾನು ಕೇಳಿದೆ.

ಅಂಕಲ್ ಟಾರ್ಚ್ ಆರಿಸಿದರು. ಆಂಟಿ ಅಂಕಲನ್ನೇ ನೋಡಿದರು.

"ನೀವಾ? ಕೆಮಿಸ್ಟ್ರಿ ಕಲಿಸಿದವರು!" ನನಗೆ ನಗು ತಡೆಯಲಾಗಲಿಲ್ಲ.

ಅಂಕಲ್ ನೆಲದ ಮೇಲೆಯೇ ಕೂತುಬಿಟ್ಟರು. "ನಾಲ್ಕು ವರ್ಷ ಆಯ್ತು. ಅವಳಿಗೆ ಸೊಂಟ ಹಿಡಿದಿತ್ತು. ಪಾತ್ರೆ ಎತ್ತಿ ಬಗ್ಗಿಸುವಾಗ ಅಯ್ಯೋ ಅಂತಿದ್ದಳು. ನಲ್ಲಿ ಇದ್ದರೆ ಸುಲಭ ಅಂತ ಮಾಡಿದೆ. ಆಗ ಸೀಸ ನೆನಪಾಗಲಿಲ್ಲ ಮಾರಾಯ, ಅವಳ ಸೊಂಟ ನೆನಪಾಯಿತು."

ನನ್ನ ನಗು ಅಲ್ಲಿಗೇ ನಿಂತಿತು. ಕೆಲವು ತಿಂಗಳಿಂದ ಆಂಟಿಯ ಬೆರಳು ಜೋಮು ಹಿಡಿಯುತ್ತಿತ್ತಂತೆ, ಚಮಚ ಜಾರುತ್ತಿತ್ತಂತೆ. ಆಂಟಿ ಯಾರಿಗೂ ಹೇಳಿರಲಿಲ್ಲ. ಅಂಕಲ್ ಮಾತ್ರ ನೋಡಿದ್ದರು, ಆ ಗ್ಲಾಸಿನ ಮೇಲೆ ಅನುಮಾನ ಬಂದದ್ದೂ ಅದಕ್ಕೇ.

ರಕ್ತ ಪರೀಕ್ಷೆಯಾಯಿತು. ಸೀಸ ಇತ್ತು. ಸದ್ಯ, ಕೈಮೀರಿರಲಿಲ್ಲ, ಆ ವೈನ್ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ ಎಂದರು ಡಾಕ್ಟರ್. ಅದು ಇಳಿಯುವಷ್ಟು ದಿನ ಅಂಕಲ್ ಯಾರ ತಟ್ಟೆಯನ್ನೂ ನೋಡಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ಲಿಫ್ಟ್ ಹತ್ತುತ್ತಿದ್ದರು.

ಈ ಕ್ರಿಸ್‌ಮಸ್ಸಿಗೆ ಗಾಜಿನ ಭರಣಿ ತಂದು ಅವರೇ ವೈನ್ ಮಾಡಿದರು. ನಮಗೆಲ್ಲ ಬಡಿಸಿ, ಪರೀಕ್ಷೆ ಬರೆದ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತರು. ನಾನು ಒಂದು ಗುಟುಕು ಕುಡಿದೆ. ದೇವರೇ, ಅದು ವೈನಲ್ಲ, ಉಪ್ಪಿನಕಾಯಿಗೆ ಹಾಕುವ ವಿನೆಗರ್!

ಆಂಟಿ ಮಾತ್ರ ನಿಧಾನವಾಗಿ ಗ್ಲಾಸ್ ಪೂರ್ತಿ ಮುಗಿಸಿದರು. ಅವರ ಬೆರಳು ಗ್ಲಾಸನ್ನು ಗಟ್ಟಿಯಾಗಿ ಹಿಡಿದಿತ್ತು.

"ಹೇಗುಂಟು?" ಅಂಕಲ್ ಕೇಳಿದರು.

"ಹುಳಿ" ಎಂದರು ಆಂಟಿ. ಖಾಲಿ ಗ್ಲಾಸನ್ನು ಅಂಕಲ್ ಮುಂದೆ ಹಿಡಿದರು. "ಇನ್ನೂ ಸ್ವಲ್ಪ ಹಾಕಿ."