ಸಿರಿಲ್ ಬಾಯಿ ಹಾಕಿದ ಡಬ್ಬಿ

"ಗರ್ಟಿಯನ್ನ ರಿಪೇರಿ ಮಾಡೋ ತಾಕತ್ತಿರೋ ಗಂಡಸು ಇಡೀ ಯಾರ್ಕ್‌ಷೈರಿನಲ್ಲಿ ಒಬ್ಬನೇ! ಅವನು ಈಗ ನಿನ್ನೆದುರಿಗೇ ಕೂತು ಮೊಟ್ಟೆ ತಿಂತಾ ಇದಾನೆ!" ಅಂತ ಸೋಮವಾರ ಬೆಳಗ್ಗೆ ಸಿರಿಲ್ ಚಮಚವನ್ನು ಖಡ್ಗದ ಹಾಗೆ ಎತ್ತಿ ಘೋಷಿಸಿದ.

"ಅರ್ಧ ಮೊಟ್ಟೆ ಟೈ ಮೇಲಿದೆ, ಒರೆಸ್ಕೋ," ಅಂದಳು ಹೆಂಡತಿ ಈನಿಡ್.

ಗರ್ಟಿ ಅಂದರೆ ಅವರ ಹಳೇ ಹಸಿರು ಕಾರು. ಮದುವೆಯಾದ ದಿನ ಇಬ್ಬರೂ ಅದರಲ್ಲೇ ತಮ್ಮೂರು ಪಿಕರಿಂಗಿನಿಂದ ಹೊರಟು, ಬೋಳುಗುಡ್ಡ ಹತ್ತಿ, ತುದಿಯಲ್ಲಿ ಸ್ಟೋವ್ ಹಚ್ಚಿ ಚಹಾ ಕುಡಿದು, ವಿಟ್‌ಬಿಯ ಸಮುದ್ರಕ್ಕೆ ಇಳಿದಿದ್ದರು. ಆಮೇಲೆ ಪ್ರತಿ ಜೂನ್‌ನಲ್ಲೂ ಅದೇ ದಾರಿ, ಅದೇ ಚಹಾ. ಹೋದ ವರ್ಷ ಮಾತ್ರ ಗುಡ್ಡದ ತುದಿ ಇನ್ನೊಂದು ಮೈಲಿ ಇರುವಾಗ ಗರ್ಟಿ ಕುದ್ದು, ಬುಸುಗುಟ್ಟಿ, ನಿಂತೇಬಿಟ್ಟಳು. ಈನಿಡ್ ಹೊಸ ಬೂಟು ಹಾಕ್ಕೊಂಡು, ಬುಟ್ಟಿ ಹಿಡಿದು, ಕುರಿಗಳ ಕಣ್ಣೆದುರಿಗೇ ಆ ಮೈಲಿ ನಡೆದಳು. ಆ ಮರ್ಯಾದೆ ಹೋದದ್ದನ್ನು ಅವಳು ಇನ್ನೂ ಮರೆತಿರಲಿಲ್ಲ.

ಈ ಶನಿವಾರ ಮದುವೆಗೆ ನಲವತ್ತು ವರ್ಷ. ಈನಿಡ್ ತೀರ್ಪು ಕೊಟ್ಟಾಗಿತ್ತು: "ಶನಿವಾರ ತುದಿ ಮುಟ್ಟಿದ್ರೆ ಸರಿ. ಇಲ್ಲಾಂದ್ರೆ ಗರ್ಟಿಯನ್ನ ಮಾರೋದೇ. ಮುಂದಿನ ವರ್ಷದಿಂದ ನಾನು ಬಸ್ಸು!"

ಸಿರಿಲ್ ರೋಗ ಕಂಡುಹಿಡಿಯುವುದಕ್ಕೆ ತಡಮಾಡಲಿಲ್ಲ. "ಸುಮ್ನೆ ಓಡಿಸಿದ್ರೂ ಬಿಸಿಯಾಗ್ತಾಳೆ, ಪೆಟ್ರೋಲು ನೀರಿನ ಹಾಗೆ ಕುಡೀತಾಳೆ. ವ್ಯಾಕ್ಯೂಮ್ ಅಡ್ವಾನ್ಸ್ ಕಣೇ! ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಪಕ್ಕ ಒಂದು ಪುಟ್ಟ ಡಬ್ಬಿ ಇದೆಯಲ್ಲ, ಇಂಜಿನ್ನು ಸಣ್ಣ ಪೈಪಿನಲ್ಲಿ ಅದರ ಗಾಳಿ ಎಳೀಬೇಕು. ಆಗ ಡಬ್ಬಿ ಕಿಡಿಯನ್ನ ಒಂದು ಚೂರು ಮುಂಚೆ ಹಾರಿಸತ್ತೆ. ಒಳಗಿನ ರಬ್ಬರ್ ಪೊರೆ ಹರಿದಿದ್ರೆ ಮುಗೀತು ಕಥೆ!"

"ಹರಿದಿದೆ ಅಂತ ಹೆಂಗೆ ಗೊತ್ತಾಗತ್ತೆ?"

"ಬಾಯಿಂದ! ನಮ್ಮ ಹಳೇ ಕಾರಿನವರೆಲ್ಲ ಮಾಡೋದು ಹಂಗೇ. ಡಬ್ಬಿಗೆ ಒಂದು ಟ್ಯೂಬು ಸಿಕ್ಕಿಸಿ ಉಸಿರು ಎಳ್ಕೋಬೇಕು, ತುದಿಗೆ ನಾಲಿಗೆ ಒತ್ತಬೇಕು. ಅಂಟ್ಕೊಂಡ್ರೆ ಡಬ್ಬಿ ಗಟ್ಟಿ. ಸೋರಿದ್ರೆ ಗೋತಾ!"

ಹೇಳಿದವನೇ ಗ್ಯಾರೇಜಿಗೆ ನುಗ್ಗಿದ. ಇಂಜಿನ್ನಿನ ಪೈಪನ್ನು ಕಿತ್ತು ಮೂಲೆಗೆ ಎಸೆದು, ಡಬ್ಬಿಗೆ ಗೇಣುದ್ದದ ಟ್ಯೂಬು ಸಿಕ್ಕಿಸಿ ಎಳೆದ. 'ಸುಂಯ್' ಅಂತ ಸಿಳ್ಳೆ ಕೇಳಿಸಿತು. "ಸಿಕ್ಕಿಬಿದ್ದ ಕಳ್ಳ!" ಅಂತ ಕುಣಿದೇ ಕುಣಿದ.

ಮಂಗಳವಾರ ಹಳೇ ಬಿಡಿಭಾಗಗಳ ಸಂತೆಗೆ ಹೋಗಿ ಇನ್ನೊಂದು ಡಬ್ಬಿ ತಂದ. ಅದೂ ಸುಂಯ್! ಮಾರಿದವನಿಗೆ ಇಂಗ್ಲಿಷಿನಲ್ಲಿರುವ ಬೈಗುಳವೆಲ್ಲ ಸಂದಾಯವಾಯಿತು. ಬುಧವಾರ ಹಳೇ ಕಾರುಗಳ ಕ್ಲಬ್ಬಿನ ಕಾರ್ಯದರ್ಶಿ ಹೊರೇಸ್ ಒಂದು ಡಬ್ಬಿ ಕೊಟ್ಟ. ಅದು ಮೂವತ್ತು ವರ್ಷ ಪೊಟ್ಟಣ ಬಿಚ್ಚದೆ ಕಾಪಾಡಿದ ಆಸ್ತಿ, ಮಗಳನ್ನು ಧಾರೆ ಎರೆದು ಕೊಟ್ಟ ಹಾಗೆ ಕಣ್ಣಲ್ಲಿ ನೀರು ಹಾಕಿಕೊಂಡೇ ಕೊಟ್ಟ. ಅದೂ ಸುಂಯ್!

ಸಿರಿಲ್ ಫೋನ್ ಎತ್ತಿದ. "ಹೊರೇಸ್, ಮೂವತ್ತು ವರ್ಷ ನೀನು ಕಾಪಾಡಿದ್ದು ತೂತನ್ನ ಕಣಯ್ಯಾ!"

ಆ ಕಡೆಯಿಂದ ಹೊರೇಸ್ ಕೂಗಿದ್ದು ಅಡುಗೆಮನೆಯಲ್ಲಿದ್ದ ಈನಿಡ್‌ಗೂ ಕೇಳಿಸಿತು. ಇಪ್ಪತ್ತು ವರ್ಷದ ಸ್ನೇಹ ಅಲ್ಲಿಗೆ ಕಡಿಯಿತು.

ಗುರುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಈನಿಡ್ ಗ್ಯಾರೇಜಿಗೆ ಬಂದಳು. ಸಿರಿಲ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಮೂರು ಡಬ್ಬಿ, ಮೂಗಿನ ಮೇಲೆ ಗ್ರೀಸು.

"ಮಾರಿಬಿಡು ಈನಿಡ್," ಅಂದ ಸಣ್ಣ ದನಿಯಲ್ಲಿ. "ನನ್ನ ಕೈಲಿ ಆಗಲ್ಲ. ಆ ಪಕ್ಕದ ಸೀಟಲ್ಲಿ ನಿನ್ನನ್ನ ಬಿಟ್ಟು ಬೇರೆಯವರು ಕೂತ್ಕೊಳ್ಳೋದು ನೋಡೋಕಾಗಲ್ಲ, ಅಷ್ಟೇ."

ಮಾರುವ ಮಾತನ್ನು ಈನಿಡ್ ಆಡಿದ್ದು ಕೋಪಕ್ಕೆ, ಮನಸ್ಸಿನಿಂದಲ್ಲ. "ಮೊದಲು ಸೂಪು ಕುಡಿ," ಅಂತ ಬಟ್ಟಲನ್ನು ಅಲ್ಲಿಗೇ ತಂದುಕೊಟ್ಟಳು.

ಸಿರಿಲ್ ಒಂದು ಗುಟುಕು ಹೀರಿದ. ಸುಂಯ್!

ಈನಿಡ್ ತಲೆ ಎತ್ತಿದಳು. "ಇನ್ನೊಂದು ಸಲ ಹೀರು."

ಸುಂಯ್!

"ಡಬ್ಬಿ ಮಾಡಿದ್ದೂ ಇದೇ ಸದ್ದಾ?"

"ಹೂಂ... ಇದೇ..." ಸಿರಿಲ್ ನಿಧಾನಕ್ಕೆ ಬಾಯಿಗೆ ಕೈ ಹಚ್ಚಿದ. ಎರಡು ತಿಂಗಳ ಹಿಂದೆ ಹಾಕಿಸಿದ ಹೊಸ ಹಲ್ಲು ಸೆಟ್ಟು ಬಾಯಿಗಿಂತ ಒಂದು ನಂಬರು ದೊಡ್ಡದಿತ್ತು. ತುಟಿ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ.

"ಕೊಡು ಇಲ್ಲಿ," ಅಂತ ಈನಿಡ್ ಟ್ಯೂಬನ್ನು ಏಪ್ರನ್ನಿಗೆ ಒರೆಸಿ, ಸ್ವಂತ ಹಲ್ಲಿನ ಬಾಯಿಂದ ಎಳೆದು ನಾಲಿಗೆ ಒತ್ತಿದಳು. ಟ್ಯೂಬು ಜಿಗಣೆಯ ಹಾಗೆ ಅಂಟಿಕೊಂಡಿತು. ಮೂರು ಡಬ್ಬಿಯೂ ಅಷ್ಟೇ, ಒಂದಕ್ಕಿಂತ ಒಂದು ಗಟ್ಟಿ!

"ನಲವತ್ತು ವರ್ಷದ ಡಬ್ಬಿ ಸೋರ್ತಾ ಇಲ್ಲ ಮಹರಾಯ, ಎರಡು ತಿಂಗಳ ಹಲ್ಲು ಸೋರ್ತಾ ಇದೆ! ನಡಿ, ಮೊದಲು ಹೊರೇಸ್ ಕಾಲಿಗೆ ಬೀಳು."

"ಬೀಳ್ತೀನಿ. ಆದ್ರೆ ಡಬ್ಬಿ ಸರಿ ಇದ್ರೆ ಗರ್ಟಿಗೆ ಆಗಿರೋದೇನು?"

ಈನಿಡ್ ಸುತ್ತ ನೋಡಿ, ಮೂಲೆಯಲ್ಲಿದ್ದ ಪೈಪನ್ನು ಎತ್ತಿಕೊಂಡಳು. "ಇದೇನು?"

"ಅದು ಬರೀ ಪೈಪು! ಅದರಲ್ಲಿ ಕೆಡೋದು ಏನಿದೆ?"

ಈನಿಡ್ ಊದಿದಳು. ಕೆನ್ನೆ ಉಬ್ಬಿತೇ ಹೊರತು ಆ ತುದಿಯಿಂದ ಒಂದು ಚೂರು ಗಾಳಿಯೂ ಬರಲಿಲ್ಲ. ಒಳಗೆ ಹೋಗಿ ಕ್ರೋಶಾ ಕಡ್ಡಿ ತಂದಳು, ಪೈಪಿನ ರಬ್ಬರ್ ತುದಿಯಲ್ಲಿ ತೂರಿಸಿ ತಿರುವಿ ಎಳೆದಳು. ಹೊರಗೆ ಬಂದದ್ದು ಅರ್ಧ ಬೆಂಕಿಕಡ್ಡಿ, ಕೆಂಪು ತಲೆಯ ಸಮೇತ!

ಸಿರಿಲ್ ಕಣ್ಣು ಮುಚ್ಚಿದ. ಎರಡು ವರ್ಷದ ಹಿಂದೆ ಕಿಡಿಯ ಹೊತ್ತು ಹೊಂದಿಸುವಾಗ ಈ ಪೈಪನ್ನು ಕಳಚಿ ಅದರ ಬಾಯಿ ಮುಚ್ಚಬೇಕಿತ್ತು. ಒಬ್ಬರು ಮೊಳೆ ತುರುಕುತ್ತಾರೆ, ಇನ್ನೊಬ್ಬರು ಪೆನ್ಸಿಲ್ಲು. ಅವನು ಎಲ್ಲಿ ಗೀರಿದರೂ ಹತ್ತುವ ಬೆಂಕಿಕಡ್ಡಿ ತುರುಕಿ, ಹೊರಗುಳಿದ ಅರ್ಧ ಮುರಿದು ಎಸೆದಿದ್ದ.

"ತೆಗೀಬೇಕು ಅಂತಿದ್ದೆ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದ್ರು."

"ಯಾರೋ ಅಲ್ಲ, ನಾನು. ಅಂದ್ರೆ ನನ್ನನ್ನ ಗುಡ್ಡ ಹತ್ತಿಸಿದ್ದು ಗರ್ಟಿಯಲ್ಲ, ನೀನು!"

ಸಿರಿಲ್ ಡಬ್ಬಿ, ಪೈಪು ಎರಡನ್ನೂ ಮತ್ತೆ ಜೋಡಿಸಿ, ಮನೆಯಲ್ಲಿದ್ದ ಬೆಂಕಿಪೊಟ್ಟಣಗಳನ್ನೆಲ್ಲ ಕಸದ ತೊಟ್ಟಿಗೆ ಹಾಕಿದ. ಇನ್ನು ಜನ್ಮದಲ್ಲಿ ಬೆಂಕಿಕಡ್ಡಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿದ.

ಶನಿವಾರ ಗರ್ಟಿ ಒಂದೇ ಉಸಿರಿಗೆ ಗುಡ್ಡ ಹತ್ತಿದಳು! ಹೋದ ವರ್ಷ ನಿಂತ ಜಾಗ ಬಂದಾಗ ಈನಿಡ್ ಅವನ ತೋಳು ಹಿಡಿದುಕೊಂಡಳು. ದಾಟಿದ ಮೇಲೂ ಬಿಡಲಿಲ್ಲ. ತುದಿಯಲ್ಲಿ ಕಂಬಳಿ ಹಾಸಿ, ಕೆಟಲ್ ಇಟ್ಟು, ಸ್ಟೋವ್ ಹಚ್ಚಬೇಕು ಅನ್ನುವಾಗ ಸಿರಿಲ್ ಜೇಬುಗಳನ್ನೆಲ್ಲ ತಡಕಿದ. ಬೆಂಕಿಪೊಟ್ಟಣ ಎಲ್ಲಿಂದ ಬರಬೇಕು?

ಈನಿಡ್ ಕೈಚೀಲ ಬಿಚ್ಚಿದಳು. ಕರವಸ್ತ್ರದ ಗಂಟಿನಿಂದ ಆ ಅರ್ಧ ಕಡ್ಡಿ ತೆಗೆದು, ಪಕ್ಕದ ಬಂಡೆಗೆ ಗೀರಿದಳು. ಭಗ್ ಅಂತ ಹತ್ತಿಕೊಂಡಿತು.

"ಕಿಡಿ ಸರಿಯಾದ ಹೊತ್ತಿಗೆ ಹತ್ತಬೇಕು ಅಂತ ತಾನೇ ನೀನು ವಾರವೆಲ್ಲ ಒದ್ದಾಡಿದ್ದು? ನೋಡು, ಹತ್ತಿತು."

ಕೆಟಲ್ ಕುದಿಯುತ್ತಿದ್ದ ಹಾಗೆ ಸಿರಿಲ್ ಟೈ ಸರಿಮಾಡಿಕೊಂಡ. ಈ ಹೆಂಡತಿ, ಈ ಗರ್ಟಿ, ಈ ನಲವತ್ತು ವರ್ಷದ ಬಗ್ಗೆ ಒಂದು ಘನವಾದ ಮಾತು ಹೇಳಲೇಬೇಕು ಅಂತ ಎದ್ದು ನಿಂತ, ಎದೆ ತುಂಬ ಉಸಿರು ಎಳೆದುಕೊಂಡ. ಹಲ್ಲು ಮುಂದಾಯಿತು: ಸುಂಯ್ಯ್ಯ್!

ಕೆಳಗಿನ ಇಳಿಜಾರಿನಲ್ಲಿ ಕುರುಬನ ಸಿಳ್ಳೆಯ ಅಪ್ಪಣೆಯಂತೆ ಕುರಿ ಕಾಯುತ್ತಿದ್ದ ನಾಯಿ ಕಿವಿ ನಿಮಿರಿಸಿತು. ಮಂದೆಯನ್ನೇ ಬಿಟ್ಟು ಓಡೋಡಿ ಬಂದು, ಸಿರಿಲ್‌ನ ಮುಂದೆ ವಿಧೇಯವಾಗಿ ಕೂತು, ಮುಂದಿನ ಅಪ್ಪಣೆಗೆ ಮುಖ ನೋಡಿತು.

ಈನಿಡ್ ಚಹಾ ಬಗ್ಗಿಸುತ್ತ ಅಂದಳು: "ನಲವತ್ತು ವರ್ಷಕ್ಕೆ ನಿನ್ನ ಮಾತು ಕೇಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲಪ್ಪ!"