ಮೂಗು ಚುಚ್ಚಿದ ಡ್ರಿಲ್ಲು

"ಇವಳೇ, ಇನ್ನು ಈ ಮನೆಗೆ ಬಡಗಿ ಕಾಲಿಡಕೂಡದು! ನಿನ್ನ ಶೆಲ್ಫನ್ನ ಗೋಡೆಗೆ ನಾನೇ ಹೊಡೀತೀನಿ!"

ಭಾನುವಾರ ಬೆಳಿಗ್ಗೆ ಸ್ಲೋಗನ್ ಸಾರ್ ಹೀಗೆ ಘೋರ ಪ್ರತಿಜ್ಞೆ ಮಾಡಿದಾಗ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತಲಿಲ್ಲ.

"ಹೊಡೀತೀರೋ, ಒಡೀತೀರೋ?"

ಸಾರ್ ಇರುವುದು ನಗರಸಭೆಯ ಪ್ರಚಾರ ವಿಭಾಗದಲ್ಲಿ. ಊರ ಗೋಡೆಗಳ ಮೇಲಿನ ಘೋಷಣೆಗಳೆಲ್ಲ ಅವರ ಕೂಸುಗಳೇ, ಅದಕ್ಕೇ ಬೀದಿಯವರು ಇಟ್ಟ ಹೆಸರು ಸ್ಲೋಗನ್ ಸಾರ್. ಅವರ ಹೊಚ್ಚಹೊಸ ಕೂಸು ‘ಕೊಳ್ಳಬೇಡಿ, ಎರವಲು ತನ್ನಿ!’ ಅದು ಕಂಗೊಳಿಸುತ್ತಿದ್ದದ್ದು ನಗರಸಭೆ ತೆರೆದ ಸಲಕರಣೆ ಮನೆಯ ಬಾಗಿಲ ಮೇಲೆ. ಗ್ರಂಥಾಲಯದಿಂದ ಪುಸ್ತಕ ತರುವ ಹಾಗೆ ಅಲ್ಲಿಂದ ಏಣಿ, ಗರಗಸ, ಡ್ರಿಲ್ಲು ಏನು ಬೇಕಾದರೂ ತರಬಹುದು. ಕೆಲಸ ಮುಗಿಸಿ ವಾಪಸ್ ಕೊಟ್ಟರಾಯಿತು. ವರ್ಷಕ್ಕೊಮ್ಮೆ ಮೊಳೆ ಹೊಡೆಯಲು ಮನೆಗೊಂದು ಡ್ರಿಲ್ಲು ಕೊಂಡು ಅಟ್ಟದ ಮೇಲೆ ಮಲಗಿಸುವುದು ಯಾವ ಪುರುಷಾರ್ಥಕ್ಕೆ? ಬೀದಿಗೆಲ್ಲ ಒಂದೇ ಏಣಿ ಸಾಕು ಎಂದು ನಗರಸಭೆಗೆ ಹೊಳೆದದ್ದಿದೆಯಲ್ಲ, ಅದನ್ನು ನೆನೆದಾಗಲೆಲ್ಲ ಸಾರ್ ಎದೆ ನಿಜಕ್ಕೂ ಉಬ್ಬುತ್ತಿತ್ತು.

ಹೆಂಡತಿಗೂ ಈಗ ನಗರಸಭೆ ವಹಿಸಿದ್ದೇ ಕೆಲಸ. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ ನಿಲ್ಲಿಸಿದ ಮೇಲೆ ಬಟ್ಟೆ ಚೀಲ ಹೊಲಿಯುವವರು ಬೇಕಲ್ಲ? ಹಳೆ ಬಟ್ಟೆಯಲ್ಲಿ ಚೀಲ ಹೊಲಿಯುವುದನ್ನು ಬೀದಿಯ ಹೆಂಗಸರಿಗೆ ಕಲಿಸಿಕೊಡಿ ಎಂದು ನಗರಸಭೆಯವರು ಕೇಳಿಕೊಂಡದ್ದು ಟೈಲರ್ ಆದ ಇವಳನ್ನು. ಊರವರ ಬಟ್ಟೆ ಹೊಲಿದು ಹೊಲಿದು ಬೆನ್ನು ಬಗ್ಗಿದವಳಿಗೆ ಮೊದಲ ಸಲ ‘ಟೀಚರ್’ ಅನ್ನಿಸಿಕೊಳ್ಳುವ ಯೋಗ! ನಾಳೆ ಬೆಳಿಗ್ಗೆಯೇ ಮುಂದಿನ ಕೋಣೆಯಲ್ಲಿ ಕ್ಲಾಸು. ಆದರೆ ಕೋಣೆ ತುಂಬ ಹಳೆ ಬಟ್ಟೆಯ ಗುಡ್ಡೆ. ಶೆಲ್ಫ್ ಗೋಡೆ ಹತ್ತದಿದ್ದರೆ ಬಂದವರಿಗೆ ಕೂರಲೂ ಜಾಗವಿಲ್ಲ.

ಸಾರ್ ಸಲಕರಣೆ ಮನೆಗೆ ದಂಡಯಾತ್ರೆ ಹೊರಟರು.

"ಯಾವ ಬಿಟ್ ಬೇಕು ಸಾರ್?" ಅಲ್ಲಿನ ಮೇಡಂ ಕೇಳಿದರು.

ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಕಡ್ಡಿಗೆ ಬಿಟ್ ಅನ್ನುತ್ತಾರೆ ಎಂದು ಸಾರ್‌ಗೆ ಗೊತ್ತಾದದ್ದೇ ಆಗ. "ಇರೋದ್ರಲ್ಲೆಲ್ಲ ಉದ್ದಂದು ಕೊಡಿ!"

"ಅದು ಗೋಡೆ ಆಚೆಗೆ ಪೈಪ್ ಹಾಯಿಸೋರಿಗೆ ಸಾರ್. ಇಲ್ಲೇ ಸ್ವಲ್ಪ ಹೊತ್ತು ಕೂತ್ರೆ ಬಳಸೋದು ಹೇಗೆ ಅಂತ ಹೇಳಿಕೊಡ್ತೀವಿ..."

"ನನಗೆ ಹೇಳಿಕೊಡ್ತೀರಾ? ನಿಮ್ಮ ಬಾಗಿಲ ಮೇಲಿನ ಬರಹ ಯಾರದ್ದು ಗೊತ್ತಾ?"

ಮೇಡಂ ಉದ್ದಂದೇ ತೆಗೆದುಕೊಟ್ಟರು.

ಮನೆಗೆ ಬಂದದ್ದೇ ಡ್ರಿಲ್ಲು ಗರ್ಜಿಸಿತು. ಗೋಡೆ ನಡುಗಿತು. ಸಾರ್ ಗೋಡೆಗಿಂತ ಹೆಚ್ಚು ನಡುಗಿದರು.

"ಸಾಕು ರೀ!"

"ಇನ್ನೂ ಸ್ವಲ್ಪ! ಗಟ್ಟಿ ನಿಲ್ಲಬೇಡವಾ?"

"ನಿಲ್ಲಿಸ್ತಿರೋದು ಶೆಲ್ಫು, ಸೇತುವೆ ಅಲ್ಲ!"

ಅಷ್ಟರಲ್ಲಿ ಗೋಡೆ ಸೋತು ದಾರಿ ಬಿಟ್ಟಿತು. ಬಿಟ್ ಪೂರ್ತಿ ಒಳಗೆ ಹೋಯಿತು. ಆ ಕಡೆಯಿಂದ ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ ಅವರ ಚೀರಾಟ ಕೇಳಿಸಿತು. "ಅಯ್ಯೋ, ನನ್ನ ಮೂಗು!"

ಎರಡೂ ಮನೆಗೆ ಇರುವುದು ಒಂದೇ ಗೋಡೆ ಅನ್ನುವುದು ಸಾರ್‌ಗೆ ನೆನಪಾದದ್ದೇ ಈಗ. ಡ್ರಿಲ್ಲು ಬಿಸಾಕಿ ಗಂಡಹೆಂಡಿರಿಬ್ಬರೂ ಎದ್ದುಬಿದ್ದು ಪಕ್ಕದ ಮನೆಗೆ ಓಡಿದರು.

ಹೆಡ್‌ಮಿಸ್ ಮೂಗು ಮುಖದ ಮೇಲೆಯೇ ಕ್ಷೇಮವಾಗಿತ್ತು. ತೂತು ಬಿದ್ದದ್ದು ಗೋಡೆಗೆ ತಗಲಿಸಿದ್ದ ಅವರ ಚಿತ್ರದ ಮೂಗಿಗೆ. ನಿವೃತ್ತಿಯ ದಿನ ಶಾಲೆಯ ಮಕ್ಕಳೆಲ್ಲ ಸೇರಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಕೊಟ್ಟ ಚಿತ್ರವದು.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ ಮಿಸ್," ಸಾರ್ ತೊದಲಿದರು. "ಮೂಗೂ ಇರುತ್ತೆ ಅಂತ..."

"ಬಾಯಿ ಮುಚ್ಚಿ!" ಎಂದರು ಹೆಡ್‌ಮಿಸ್. ಸಾರ್ ತಟ್ಟನೆ ಕೈಕಟ್ಟಿ ನಿಂತರು. "ಚಿಕ್ಕವಳಿದ್ದಾಗ ಮೂಗು ಚುಚ್ಚಿಸ್ಕೋ ಅಂತ ನಮ್ಮಮ್ಮ ಮನೆಯೆಲ್ಲ ಅಟ್ಟಾಡಿಸಿದ್ರು. ಅವರ ಕೈಗೇ ಸಿಗಲಿಲ್ಲ ನಾನು. ಈ ವಯಸ್ಸಲ್ಲಿ ನೀವು ಚುಚ್ಚಿಬಿಟ್ರಲ್ಲ!"

ಗದರುತ್ತ ಗದರುತ್ತಲೇ ಅವರ ಕಣ್ಣು ತುಂಬಿತು. ಸಾರ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಹೊಸದು ಬರೆಸಿಕೊಡ್ತೀನಿ ಮಿಸ್."

"ಕೊಳ್ಳಬೇಡಿ ಅಂತ ಊರಿಗೆಲ್ಲ ಬರೆದು ನಿಮ್ಮ ಬಾಯಲ್ಲೇ ಹೊಸದಾ?" ಹೆಂಡತಿ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡಳು. "ಬಟ್ಟೆ ತಾನೇ ಮಿಸ್? ಕೊಡಿ ಇಲ್ಲಿ."

ಹಿಂದಿನಿಂದ ಸಣ್ಣ ತೇಪೆ ಕೊಟ್ಟಳು. ಬಣ್ಣಕ್ಕೆ ಬಣ್ಣ ಕೂಡಿಸಿ, ಹೊಲಿಗೆ ಹುಡುಕಿದರೂ ಕಾಣದ ಹಾಗೆ ಹೊಲಿದಳು. ತೂತಿನ ಗುರುತು ಉಳಿದ ಕಡೆ ತನ್ನ ಗುಂಡಿ ಡಬ್ಬದಿಂದ ಒಂದು ಬಿಳಿ ಮಣಿ ತೆಗೆದು ಕೂರಿಸಿದಳು. ಚಿತ್ರದ ಹೆಡ್‌ಮಿಸ್ ಮೂಗುತಿ ಮಿನುಗಿಸುತ್ತ ನಕ್ಕರು!

ನಿಜವಾದ ಹೆಡ್‌ಮಿಸ್ ಬಹಳ ಹೊತ್ತು ನೋಡಿದರು. "ನಮ್ಮಮ್ಮ ಇದನ್ನ ನೋಡಬೇಕಿತ್ತು," ಎಂದು ಮಣಿಯನ್ನು ಮೆಲ್ಲಗೆ ಮುಟ್ಟಿ, ಚಿತ್ರವನ್ನು ಮತ್ತೆ ಗೋಡೆಗೆ ತಗಲಿಸಿದರು.

ಶೆಲ್ಫ್ ಮಾತ್ರ ಇನ್ನೂ ನೆಲದ ಮೇಲೆಯೇ ಬಿದ್ದಿತ್ತು. ಹೆಂಡತಿ ಡ್ರಿಲ್ಲು ಎತ್ತಿಕೊಂಡು ತಾನೇ ಸಲಕರಣೆ ಮನೆಗೆ ಹೋದಳು, ಕೂತು ಕೇಳಿ ಕಲಿತಳು, ಗಿಡ್ಡ ಬಿಟ್ ತಂದಳು. ಗೋಡೆಯನ್ನು ಟೇಪಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಬಿಟ್‌ಗೆ ಒಂದು ಕೆಂಪು ದಾರ ಸುತ್ತಿ, "ಇಲ್ಲಿವರೆಗೆ ಒಳಗೆ, ಇದರಾಚೆ ಇಲ್ಲ," ಎಂದಳು. ನಗರಸಭೆ ಡ್ರಿಲ್ಲು ತಂದಿಟ್ಟದ್ದು ಇವಳಂಥವರಿಗೇ ಎಂದು ಸಾರ್‌ಗೆ ಮನಸ್ಸು ತುಂಬಿ ಬಂತು.

"ನಾನೇನು ಹಿಡ್ಕೊಳ್ಳಲಿ?"

"ಮೊದಲು ನಾಲಿಗೆ ಬಿಗಿ ಹಿಡ್ಕೊಳ್ಳಿ. ಆಮೇಲೆ ಪೊರಕೆ."

ಡ್ರಿಲ್ಲು ಮತ್ತೆ ಗುರ್ರೆಂದದ್ದೇ ತಡ, ಗೋಡೆಯ ತೂತಿನಿಂದ ಹೆಡ್‌ಮಿಸ್ ಕೂಗು ಕೇಳಿಸಿತು.

"ನಿಲ್ಲಿಸಿ! ಚಿತ್ರ ಈಗ ಇಳಿಸಿದ್ದೀನಿ, ನಾನೂ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ, ಆಮೇಲೆ ಕೊರೀರಿ!"

ಹೆಂಡತಿ ತೂತಿಗೆ ಬಾಯಿಟ್ಟಳು. "ಮಿಸ್, ಕೊರೀತಿರೋದು ನಾನು!"

"ನೀನಾ ಮಗಳೇ? ಅವರೇನ್ಮಾಡ್ತಿದ್ದಾರೆ?"

"ಪೊರಕೆ ಹಿಡ್ಕೊಂಡು ನಿಂತಿದ್ದಾರೆ."

"ಮೊದಲೇ ಹೇಳಬಾರದಾ? ತಾಳು, ಚಿತ್ರ ವಾಪಸ್ ತಗಲಿಸ್ತೀನಿ!"