ಅತ್ತೆಯ ಕೂದಲು, ಮಾವನ ವಿಮಾನ

ನನ್ನ ಮೇಲೆ ದೇವರ ಆಶೀರ್ವಾದವಿದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಹಾಳಾದದ್ದೇ ಅದರಿಂದ.

ನಮ್ಮ ಪೋಲೆಂಡಿನಲ್ಲಿ ಗಂಡಸರು ಎರಡು ಬಗೆ. ಬಿಡಿಭಾಗಗಳ ಚಿತ್ರ ಅಚ್ಚಾದ ಪತ್ರಿಕೆಯ ಹಾಳೆ ಕತ್ತರಿಸಿ ಕಾಗದದ ವಿಮಾನ ಅಂಟಿಸಿದವರು, ಅಂಟಿಸದವರು. ನಾನು ಎರಡನೆಯ ಬಗೆ. ನನ್ನ ಮಾವ ಬೊಲೆಸ್ವಾವ್ ಮೊದಲನೆಯ ಬಗೆಯ ಚಕ್ರವರ್ತಿ. ವುಚ್ ಊರಿನಲ್ಲಿ ನಲವತ್ತು ವರ್ಷ ಹಗಲೆಲ್ಲ ಟ್ರಾಮ್ ಓಡಿಸಿ, ಸಂಜೆಯೆಲ್ಲ ವಿಮಾನ ಅಂಟಿಸಿದವರು. ನಾವಿರುವುದು ಅವರದೇ ಎರಡು ಕೋಣೆಯ ಮನೆಯಲ್ಲಿ. ಮದುವೆಯಾಗಿ ಎರಡು ವರ್ಷವಾದರೂ ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಎದುರಿಗೇ ಕೂತಿದ್ದರೂ ಮಗಳ ಮೂಲಕವೇ ವ್ಯವಹಾರ.

"ಕಲಿನಾ, ನಿನ್ನ ಗಂಡನಿಗೆ ಇನ್ನೊಂದು ಸೌಟು ಸೂಪ್ ಬೇಕಾ ಕೇಳು."

"ಅಪ್ಪಾ, ಅವನಿಗೆ ಕಿವಿ ಇದೆ."

"ಕಿವಿ ಇದೆ ಕಣೇ. ಕೈ ಇದೆಯಾ ಅಂತ ನನ್ನ ಅನುಮಾನ."

ಹೋದ ಆಗಸ್ಟಿನಲ್ಲಿ ಮಾವ ಬೀರುವಿನಿಂದ ಒಂದು ಹಳೆಯ ಪತ್ರಿಕೆ ತೆಗೆದರು. ಐವತ್ತು ವರ್ಷದಿಂದ ಕತ್ತರಿ ಸೋಕದ ಹಾಳೆಗಳು. ಅದರಲ್ಲಿದ್ದದ್ದು ಹೊಲಗಳ ಮೇಲೆ ಔಷಧಿ ಚಿಮುಕಿಸುತ್ತಿದ್ದ ಎರಡಂತಸ್ತಿನ ರೆಕ್ಕೆಯ ಮುದಿ ವಿಮಾನ, ಜನ ಅದನ್ನು 'ಜೋಳದ ವಿಮಾನ' ಅನ್ನುತ್ತಿದ್ದರಂತೆ. ಮಾವ ತಮ್ಮ ನಡುಗುವ ಬೆರಳುಗಳನ್ನು ನೋಡಿಕೊಂಡರು. "ನನ್ನ ಕೈಯಲ್ಲಿ ಇನ್ನಾಗಲ್ಲ. ನಿನ್ನ ಗಂಡ ಮಾಡ್ತಾನಾ ಕೇಳು."

ಮಾಡುತ್ತೇನೆ ಅಂದೆ! ಹೆಸರು ಗಳಿಸುವುದು ಎಂದರೆ ಇದೇ ಅಂದುಕೊಂಡೆ. (ಜಗತ್ತಿನಲ್ಲಿ ಹೆಸರು ಯಾರಿಗೆ ಬೇಕು? ನನಗೆ ಊಟದ ಮೇಜಿನಲ್ಲಿ ಸಿಕ್ಕರೆ ಸಾಕಿತ್ತು.)

ಆ ಊಟದ ಮೇಜೇ ಐದು ತಿಂಗಳು ವಿಮಾನ ನಿಲ್ದಾಣವಾಯಿತು. ಏಳುನೂರ ಹನ್ನೆರಡು ತುಂಡುಗಳು. ಒಂದೊಂದು ಚಕ್ರಕ್ಕೆ ಒಂಬತ್ತು ಬಿಲ್ಲೆ. ಕತ್ತರಿಸಿದ ಅಂಚು ಬೆಳ್ಳಗೆ ಕಂಡರೆ ಮಹಾಪಾಪ, ಕೂದಲೆಳೆಯಷ್ಟು ಜಾಗಕ್ಕೂ ಜಲವರ್ಣ ತೀಡಬೇಕು. ಎಲ್ಲರೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಎಲೆಕೋಸು ತಿಂದೆವು. ಒಂದು ದಿನ ಪೈಲಟನ ಆಸನ ಕಾಣೆಯಾಗಿ, ಕೊನೆಗೆ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿತು.

"ವಾರ್ನಿಷ್ ಹಚ್ಚಿಬಿಡಲಾ? ಗಟ್ಟಿಯಾಗುತ್ತೆ" ಅಂದೆ.

"ವಾರ್ನಿಷ್ ಹೇಡಿಗಳಿಗೆ ಅನ್ನು" ಎಂದರು ಮಾವ, ಮಗಳಿಗೆ. "ಕಾಗದ ಕಾಗದದ ಹಾಗೇ ಕಾಣಬೇಕು ಅನ್ನು."

ರೆಕ್ಕೆಗಳ ನಡುವೆ ಬಿಗಿಯುವ ತಂತಿಗೆ ಯಾವ ದಾರವೂ ಒಗ್ಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅತ್ತೆಯ ನರೆತ ಕೂದಲು. ಅದೇ ಉಕ್ಕಿನ ಬಣ್ಣ, ಅದೇ ದಪ್ಪ!

"ಒಂದೇ ಒಂದು ಎಳೆ ಅತ್ತೆ."

"ನಿನ್ನೆಯೂ ಒಂದೇ ಅಂದಿದ್ದೆ. ಇದು ತಲೆಯೋ, ನಿಮ್ಮ ಕಾರ್ಖಾನೆಯೋ?"

ತಂತಿಗೆ ಬೇಕಾದ ಇಪ್ಪತ್ತಾರೂ ಎಳೆಗಳಾದ ಮೇಲೆ ಅತ್ತೆ ಮನೆಯೊಳಗೂ ತಲೆವಸ್ತ್ರ ಕಟ್ಟತೊಡಗಿದರು.

ಜನವರಿಯಲ್ಲಿ ಕೆಲಸ ಮುಗಿಯಿತು. ಮಾವ ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದರು. ತುಟಿ ಅಲುಗಿತು. ನನ್ನ ಹೆಸರಿನ ಮೊದಲ ಅಕ್ಷರ ಹೊರಬಂದಂತೆಯೂ ಆಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಾಳೆ ಫಾದರ್ ಬಂದು ಹೋಗಲಿ, ಆಮೇಲೆ ಮಾತಾಡೋಣ ಅನ್ನು" ಎಂದರು.

ಕ್ರಿಸ್ಮಸ್ ಕಳೆದ ಮೇಲೆ ಫಾದರ್ ಆಶೀರ್ವಾದ ಮಾಡಲು ಮನೆಮನೆಗೂ ಬರುತ್ತಾರಲ್ಲ, ಆ ಭೇಟಿ. ಮೇಜಿಗೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಬಟ್ಟಲಲ್ಲಿ ತೀರ್ಥ, ಪಕ್ಕದಲ್ಲಿ ಚಿಮುಕಿಸುವ ಕುಂಚ. ವಿಮಾನವನ್ನು ಬೀರುವಿನ ನೆತ್ತಿಯ ಮೇಲೆ ಭದ್ರವಾಗಿ ಇಟ್ಟಿದ್ದೆ. ಹೊಸದಾಗಿ ಬಂದ ಎಳೆಯ ಫಾದರ್ ಪ್ರಾರ್ಥನೆ ಮುಗಿಸಿದರು, ಗೋಡೆಗಳಿಗೆ ತೀರ್ಥ ಚಿಮುಕಿಸಿದರು, ಗಸಗಸೆ ಕೇಕ್ ತಿಂದರು. ಎದ್ದು ಹೊರಟೂಬಿಡುತ್ತಿದ್ದರು.

ನಾನು ಬಿಡಬೇಕಲ್ಲ! "ಫಾದರ್, ಒಂದು ವಸ್ತು ನೋಡಿ ಹೋಗಿ" ಎಂದು ವಿಮಾನವನ್ನು ಇಳಿಸಿ ತಂದು ಮೇಜಿನ ಮೇಲಿಟ್ಟೆ. ಮಾವನ ಮುಖ ಅರಳಿತು. ಅರಳಿದ್ದು ಸಾಲದು ಅನ್ನಿಸಿ, "ಬೇಸಿಗೆಯಲ್ಲಿ ಕಾರುಗಳಿಗೆಲ್ಲ ಆಶೀರ್ವಾದ ಮಾಡ್ತೀರಲ್ಲ, ಇದಕ್ಕೂ..." ಅಂದೆ.

ಕೈಯಲ್ಲಿ ಶಿಲುಬೆ ಗುರುತು ಮಾಡಿದ್ದರೆ ಸಾಕಿತ್ತು. ಆದರೆ ಫಾದರ್ ಧಾರಾಳಿ. ಕುಂಚವನ್ನು ಬಟ್ಟಲಿನ ತಳದವರೆಗೂ ಅದ್ದಿದರು.

ತಂದೆಯ ಹೆಸರಿನಲ್ಲಿ ಬಾಲ ಬಾಗಿತು. ಮಗನ ಹೆಸರಿನಲ್ಲಿ ಹಸಿರು ಬಣ್ಣ ಬಿಳಿ ಬಟ್ಟೆಗೆ ಇಳಿಯಿತು. ಪವಿತ್ರಾತ್ಮನ ಹೆಸರಿನಲ್ಲಿ ಮೇಲಿನ ರೆಕ್ಕೆ ನಿಧಾನವಾಗಿ, ಸುಸ್ತಾದವನಂತೆ, ಕೆಳಗಿನ ರೆಕ್ಕೆಯ ಮೇಲೆ ಮಲಗಿತು. ಮೊಣಕಾಲೂರಿದ್ದ ನಾನು 'ಆಮೆನ್' ಅಂದೆ. ಬೇರೇನು ಅನ್ನಲಿ?

"ನೋಡಿ, ನನ್ನ ಕೂದಲು ಒಂದೂ ತುಂಡಾಗಿಲ್ಲ!" ಎಂದರು ಅತ್ತೆ, ಹೆಮ್ಮೆಯಿಂದ.

ಫಾದರ್ ಬಿಳಿಚಿಕೊಂಡರು. "ಅಯ್ಯೋ! ವಾರ್ನಿಷ್ ಹಚ್ಚಿರಲಿಲ್ವಾ? ನಾನು ಹದಿನೇಳು ವಿಮಾನ ಮಾಡಿದ್ದೀನಿ, ವಾರ್ನಿಷ್ ಇಲ್ಲದೆ ಒಂದನ್ನೂ ಬಿಟ್ಟಿಲ್ಲ."

ಮಾವ ಕುರ್ಚಿಯಿಂದ ಎದ್ದರು. "ಹದಿನೇಳಾ?"

"ಹದಿನೆಂಟನೆಯದಕ್ಕೆ ಇದೇ ಜೋಳದ ವಿಮಾನ ಹುಡುಕ್ತಿದ್ದೆ. ಹಾಳೆ ಎಲ್ಲೂ ಸಿಗಲಿಲ್ಲ."

ಮಾವ ಬೀರು ತೆರೆದು ಇನ್ನೊಂದು ಪ್ರತಿ ತೆಗೆದರು. ಅದೇ ವಿಮಾನ, ಕತ್ತರಿ ಸೋಕದ್ದು.

"ಎರಡಿತ್ತಾ ಅಪ್ಪಾ?" ಎಂದಳು ಕಲಿನಾ.

"ಯಾವ ಹುಚ್ಚ ಒಂದೇ ಪ್ರತಿ ಕೊಳ್ತಾನೆ? ಒಂದು ಕೆಡಿಸೋದಕ್ಕೆ, ಒಂದು ಮಾಡೋದಕ್ಕೆ. ಫಾದರ್, ಇದು ನಿಮ್ಮದು. ವಾರ್ನಿಷ್ ವಿಷಯ ನೀವು ಹೇಳೋದೇ ಸರಿ. ನಾನೂ ಮೊದಲಿಂದ ಅದನ್ನೇ ಹೇಳ್ತಾ ಬಂದಿದ್ದೀನಿ."

ಫಾದರ್ ಹಾಳೆಗಳನ್ನು ಎದೆಗೆ ಒತ್ತಿಕೊಂಡರು. "ತಂತಿಗೆ ಮಾತ್ರ ಏನು ಮಾಡೋದೋ ಗೊತ್ತಾಗ್ತಿಲ್ಲ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ತಲೆವಸ್ತ್ರದ ಗಂಟನ್ನು ಇನ್ನೊಂದು ಸುತ್ತು ಬಿಗಿದರು.

ಆಗ ಮಾವ ನನ್ನ ಕಡೆ ತಿರುಗಿದರು. "ಗುಸ್ತೆಕ್" ಎಂದರು. ಎರಡು ವರ್ಷದಲ್ಲಿ ಮೊದಲ ಸಲ! "ಗುಸ್ತೆಕ್, ಇಲ್ಲಿ ಬಾಪ್ಪಾ."

ಓಡಿಹೋಗಿ ಎದುರಿಗೆ ನಿಂತೆ. ಅವರು ನನ್ನ ತಲೆಯನ್ನು ದೀಪದ ಕಡೆ ಬಗ್ಗಿಸಿ, ಭೂತಗನ್ನಡಿ ಹಿಡಿದು ಹುಡುಕಿದರು.

"ಚಿಂತೆ ಬೇಡ ಫಾದರ್" ಎಂದರು. "ಈ ಐದು ತಿಂಗಳಲ್ಲಿ ಇಪ್ಪತ್ನಾಲ್ಕು ನರೆತಿದೆ. ಇನ್ನೆರಡು ಈಗ ನರೆಯುತ್ತಾ ಇದೆ."